ಕರಾರು ಓದುವ ನಿರುಪಮಾ

ನಿರುಪಮಾ ಮೈಸೂರಿನಲ್ಲಿ ಕಾನೂನು ಓದಿ, ಎರಡು ವರ್ಷ ವಕೀಲಿಕೆ ಮಾಡಿ, ಮದುವೆಯಾಗಿ ಸ್ಯಾನ್ ಹೋಸೆಗೆ ಬಂದವಳು. ಅಲ್ಲಿಯ ಸನ್ನದು ಇಲ್ಲಿ ನಡೆಯುವುದಿಲ್ಲ. ಪಾಲೋ ಆಲ್ಟೋದ ಒಂದು ಆಫೀಸಿನಲ್ಲಿ ಮಳಿಗೆಗಳ ಬಾಡಿಗೆ ಕರಾರುಗಳನ್ನು ಓದಿ ತಪ್ಪು ಹುಡುಕುವ ಕೆಲಸ ಹಿಡಿದಳು. ಅದಕ್ಕಾಗಿ ಅವಳು ಅತ್ತಿದ್ದನ್ನು ನಾನು ಕಂಡಿಲ್ಲ. ಕರಾರಿನಲ್ಲಿ ದೊಡ್ಡ ಅಕ್ಷರದ್ದೆಲ್ಲ ಹಾರೈಕೆ, ಸಣ್ಣ ಅಕ್ಷರದ್ದೇ ನಿಜ ಎನ್ನುತ್ತಿದ್ದಳು.

ನಮ್ಮೂರಿನದೇ ಎವರ್‌ಗ್ರೀನ್ ಬಡಾವಣೆಯ ಶಿವರಾಮು ಅವರ ಮನೆಯಲ್ಲಿ ಆರು ಮಂದಿ ಕನ್ನಡದ ಗಂಡಸರು ಕಾಗದದ ಮೇಲೆ ಅಮೆರಿಕದ ಫುಟ್‌ಬಾಲ್ ಆಡುತ್ತಿದ್ದರು. ಒಬ್ಬೊಬ್ಬರದೂ ಒಂದೊಂದು ತಂಡ. ಆರಿಸಿಕೊಂಡ ನಿಜವಾದ ಆಟಗಾರ ಭಾನುವಾರ ಮೈದಾನದಲ್ಲಿ ಕೊನೆಯ ಗೆರೆ ದಾಟಿದರೆ ಅವನ ಯಜಮಾನನಿಗೆ ಆರು ಅಂಕ. ವರ್ಷ ಮುಗಿಯಿತೆಂದು ಆಟಗಾರರನ್ನು ಬಿಡುವಂತಿಲ್ಲ. ಮಾರುವವರೆಗೆ ಅವರು ನಮ್ಮವರೇ. ಅಂಕ ಕೂಡಿಸುವ ಕೆಲಸ ನನ್ನದು. ನಲವತ್ತು ವರ್ಷ ಗಣಿತ ಕಲಿಸಿದವಳ ಜೊತೆ ಯಾರೂ ವಾದಕ್ಕೆ ಬರುತ್ತಿರಲಿಲ್ಲ.

ಮಾರಾಟಕ್ಕೊಂದು ಪದ್ಧತಿಯಿತ್ತು. ಅದನ್ನು ತಂದವರು ಗದಗಿನ ಕಡೆಯ ಸಂಗನಬಸಪ್ಪ. ಅವರ ತಂದೆ ಎತ್ತಿನ ದಲಾಲರು. ಕೊಡುವವರು, ಕೊಳ್ಳುವವರು ಇಬ್ಬರೂ ಒಂದು ಟವೆಲಿನ ಕೆಳಗೆ ಕೈ ಹಾಕಿ ಬೆರಳು ಹಿಡಿಯಬೇಕು. ಒಂದು ಬೆರಳೆಂದರೆ ಮುಂದಿನ ವರ್ಷ ಹೊಸ ಆಟಗಾರರನ್ನು ಆರಿಸುವಾಗ ಒಂದು ಸರದಿ. ಒಪ್ಪಿಗೆಯಾದರೆ ಇಬ್ಬರೂ ಅಡಿಕೆ ಚೂರು ಬಾಯಿಗೆ ಹಾಕಿಕೊಳ್ಳಬೇಕು. ಅಡಿಕೆ ಜಗಿದ ಮೇಲೆ ಮಾತು ಹಿಂದಕ್ಕೆ ಹೋಗದು.

೧೯೮೪ರಲ್ಲಿ ನಿರುಪಮಾಳ ಗಂಡ ಜಗನ್ನಾಥನನ್ನು ಕಂಪನಿಯವರು ಒಂದು ವರ್ಷದ ಮಟ್ಟಿಗೆ ಟೆಕ್ಸಾಸಿಗೆ ಕಳಿಸಿದರು. ಅವನ ತಂಡವನ್ನು ತಮ್ಮ ಬಾಮೈದ ದ್ವಾರಕಾನಾಥನಿಗೆ ಕೊಡಿಸಬೇಕೆಂದು ಶಿವರಾಮು ಮನಸ್ಸು ಮಾಡಿದ್ದರು. ಆಗಸ್ಟಿನ ಸಭೆಗೆ ನಿರುಪಮಾ ತಾನೇ ಬಂದು ಕುಳಿತಳು.

"ನಿಮಗ್ಯಾಕೆ ನಿರುಪಮಾ ಅವ್ರೇ ಈ ತಲೆನೋವು? ಆಫೀಸು, ಗ್ರೋಸರಿ ಅಂತ ಆಗ್ಲೇ ಸುಸ್ತಾಗಿರ್ತೀರ," ಎಂದರು ಶಿವರಾಮು.

"ಮೂರು ವರ್ಷ ನಿಮಗೆಲ್ಲ ಕಾಫಿ ತಂದುಕೊಟ್ಟೇ ಆಟ ಕಲ್ತಿದೀನಿ. ಈಗ ಕುರ್ಚಿ ಬೇಕು."

ಎದುರಿಗೇ ಇಲ್ಲವೆನ್ನುವುದು ಶಿವರಾಮು ಅವರ ಸ್ವಭಾವವಲ್ಲ. ಅವರೊಂದು ಹೊಸ ನಿಯಮ ಬರೆದರು: ಈ ವರ್ಷ ಕೊನೆಯ ಸ್ಥಾನಕ್ಕೆ ಇಳಿದವರು ತಂಡ ಬಿಟ್ಟುಕೊಡಬೇಕು, ಅದು ಕಾಯುತ್ತಿರುವವರಿಗೆ ಸಲ್ಲಬೇಕು. ಕಾಯುತ್ತಿದ್ದವನು ದ್ವಾರಕಾನಾಥ ಒಬ್ಬನೇ. ನಿರುಪಮಾಳ ಹೆಸರು ಬರೆಯಲು ಅವರಿಗೆ ಸಂಕೋಚವಾಯಿತು. ಯಾರ ಕುರ್ಚಿಯ ಮಾತೆಂದು ಎಲ್ಲರಿಗೂ ತಿಳಿದೇ ಇತ್ತು. ಅವಳು ಕಾಗದವನ್ನು ಎರಡು ಸಲ ಓದಿ ಸಹಿ ಹಾಕಿದಳು.

ಜಗನ್ನಾಥನ ತಂಡದಲ್ಲಿ ಹೆಸರು ಮಾಡಿದವನು ಒಬ್ಬನೇ, ಟಿಬೆಟ್ಸ್ ಎಂಬ ಓಟಗಾರ. ಉಳಿದವರು ಅಷ್ಟಕ್ಕಷ್ಟೆ. ನಮ್ಮವರು ಆಟಗಾರರನ್ನೂ ಎಸ್ಸೆಸ್ಸೆಲ್ಸಿ ಮಕ್ಕಳಂತೆ ಹೋದ ವರ್ಷದ ಅಂಕ ನೋಡಿ ಅಳೆಯುತ್ತಿದ್ದರು. ಆ ಲೆಕ್ಕದಲ್ಲಿ ಟಿಬೆಟ್ಸ್ ಮೊದಲ ರ‍್ಯಾಂಕು. ಟಿಬೆಟ್ಸ್ ಮೈದಾನದಲ್ಲಿ ಆಡುತ್ತಿದ್ದ ನಿಜವಾದ ತಂಡದಲ್ಲೇ ಅವನಿಗೆ ಬದಲಿಯಾಗಿ ಬೆಂಚಿನ ಮೇಲೆ ಕೂರುತ್ತಿದ್ದ ಪೋಪ್ ಎಂಬುವನು ಶಿವರಾಮು ಅವರ ಬಳಿ ಲೆಕ್ಕಕ್ಕಿಲ್ಲದೆ ಬಿದ್ದಿದ್ದ.

"ಟಿಬೆಟ್ಸನ್ನು ಕೊಡ್ತೀನಿ. ಪೋಪ್ ಬೇಕು, ಮೇಲಿನದ್ದು ಟವೆಲಿನ ಕೆಳಗೆ," ಎಂದಳು ನಿರುಪಮಾ.

ಕೋಣೆಯಲ್ಲಿ ನಗು ಎದ್ದಿತು. "ಅಕ್ಕಾರ, ಹಾಲು ಕೊಡೋ ಎಮ್ಮಿ ಕೊಟ್ಟು ಕರಾ ಕೇಳಾಕತ್ತೀರಲ್ರೀ!" ಎಂದರು ಸಂಗನಬಸಪ್ಪ.

ಟವೆಲು ಬಂತು. ಶಿವರಾಮು ಕೈ ಚಾಚದೆ ಅದರ ಅಂಚು ನೋಡುತ್ತ ಕುಳಿತರು. ಪರರ ಹೆಂಡತಿಯ ಬೆರಳು ಹಿಡಿಯುವುದು ಹೇಗೆ? ಅವರ ಹೆಂಡತಿ ಪದ್ಮಜಾ ಅಡುಗೆಮನೆಯಿಂದಲೇ ಕೂಗಿದಳು: "ಬಳೆಗಾರನಿಗಿಲ್ಲದ ನಾಚಿಕೆ ನಿಮಗ್ಯಾಕ್ರೀ? ಕೈ ಹಾಕಿ!"

ನಿರುಪಮಾ ಮೂರು ಬೆರಳು ಕೇಳಿದಳು, ಎರಡಕ್ಕೆ ತೀರ್ಮಾನವಾಯಿತು. ಶಿವರಾಮು ಅವಸರವಾಗಿ ಅಡಿಕೆ ಜಗಿದರು, ಅವಳು ಮನಸ್ಸು ಬದಲಿಸಿಯಾಳೆಂದು.

ಮನೆಗೆ ಬರುವಾಗ ಕಾರಿನಲ್ಲಿ ನಾನು ಕಾರಣ ಕೇಳಿದೆ.

"ಟಿಬೆಟ್ಸ್ ಕರಾರು ಈ ವರ್ಷಕ್ಕೆ ಮುಗಿಯುತ್ತೆ ಮೇಡಂ. ಜಾಸ್ತಿ ಕೇಳಿದಾನೆ, ಮಾಲೀಕರು ಕೊಡಲ್ಲ ಅಂದಿದಾರೆ. ಆ ಕಡೆ ವಸಂತಕಾಲದಲ್ಲಿ ಆಡೋ ಹೊಸ ಲೀಗಿನವರು ಕರೀತಿದಾರೆ. ಎಲ್ಲಾ ಪೇಪರಿನ ಮೂಲೇಲಿ ಇದೆ, ಯಾರೂ ಓದಲ್ಲ."

"ಪೋಪನ ಕರಾರು ಎಷ್ಟು ವರ್ಷದ್ದು?"

"ನಾಲ್ಕು ಅಂತ ಬರೆದಿರೋದಕ್ಕೆ ಬೆಲೆಯಿಲ್ಲ, ನಾಳೆ ಬೇಕಾದ್ರೂ ಹೊರಗೆ ಹಾಕಬಹುದು. ಆದ್ರೆ ಸಹಿ ಮಾಡಿದ ದಿನವೇ ದೊಡ್ಡ ಮೊತ್ತ ಕೈಗೆ ಕೊಟ್ಟಿದಾರೆ. ಅಷ್ಟು ಮುಂಗಡ ಕೊಟ್ಟೋರು ಮಳಿಗೇನ ಬೀಗ ಹಾಕಿ ಇಟ್ಕೋತಾರಾ?"

ಸೆಪ್ಟೆಂಬರಿನಲ್ಲಿ ಟಿಬೆಟ್ಸ್ ಹೆಚ್ಚು ಹಣ ಬೇಕೆಂದು ಹಟ ಹಿಡಿದು ಮನೆಯಲ್ಲೇ ಕುಳಿತ. ಪೋಪ್ ಮೈದಾನಕ್ಕಿಳಿದ. ಪ್ರತಿ ಸೋಮವಾರ ಶಿವರಾಮು ಅವರ ಪಟ್ಟಿಯಲ್ಲಿ ಟಿಬೆಟ್ಸ್ ಹೆಸರಿನ ಮುಂದೆ ನಾನು ಸೊನ್ನೆ ಬರೆದೆ. ನವೆಂಬರಿನಲ್ಲಿ ಅವನು ಹೊಸ ಲೀಗಿಗೆ ಮೂರು ವರ್ಷಕ್ಕೆ ಸಹಿ ಮಾಡಿದ. ಆ ಲೀಗಿನ ಅಂಕ ನಮ್ಮಲ್ಲಿ ನಡೆಯುವುದಿಲ್ಲ.

ಆದರೂ ನಿರುಪಮಾ ಗೆದ್ದಿರಲಿಲ್ಲ. ಅವಳ ಉಳಿದ ಆಟಗಾರರು ನಿಜಕ್ಕೂ ದಂಡ. ಡಿಸೆಂಬರಿನ ಕೊನೆಯ ಭಾನುವಾರ ಬಂದಾಗ ನಾಲ್ವರು ಕ್ಷೇಮವಾಗಿ ಮೇಲಿದ್ದರು. ಕೆಳಗೆ ಶಿವರಾಮು, ಅವರಿಗಿಂತ ನಾಲ್ಕು ಅಂಕ ಹಿಂದೆ ನಿರುಪಮಾ. ಶಿವರಾಮು ಅವರ ಆಟಗಾರರ ಪಂದ್ಯಗಳೆಲ್ಲ ಮುಗಿದಿದ್ದವು. ಪೋಪನ ಪಂದ್ಯವೊಂದೇ ಬಾಕಿ. ಎಲ್ಲರೂ ಟೀವಿಯ ಮುಂದೆ ಕುಳಿತೆವು. ದ್ವಾರಕಾನಾಥ ತಂಡಕ್ಕೆ ಹೊಸ ಹೆಸರು ಬರೆದಿದ್ದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದ.

ಮೂರು ಗಂಟೆ ಕಾಲ ಪೋಪ್ ಏನೂ ಮಾಡಲಿಲ್ಲ. ನಿರುಪಮಾ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಿದ್ದಳು. ಇನ್ನೆರಡು ನಿಮಿಷ ಉಳಿದಿದ್ದಾಗ ಅವನು ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಗುಂಪಿನ ಮೇಲೆ ಹಾರಿ, ಗೆರೆಯಾಚೆ ಮಕಾಡೆ ಬಿದ್ದ.

"ಬಿದ್ದಾ! ನಮ್ಮ ಕರಾ ಬಿದ್ದಾನಲೇ!" ಎಂದು ಸಂಗನಬಸಪ್ಪ ಸೋಫಾ ಹತ್ತಿದರು.

ನಾನು ಕೂಡಿಸಿದೆ. ಇನ್ನೊಮ್ಮೆ ಕೂಡಿಸಿ ಓದಿದೆ: "ಶಿವರಾಮು, ಆರನೆಯ ಸ್ಥಾನ."

ದ್ವಾರಕಾನಾಥ ತಟ್ಟೆ ಕೆಳಗಿಟ್ಟ. "ಹಾಗಾದ್ರೆ ನಿಮ್ಮ ಟೀಮು ನಂದಾ ಭಾವ?"

ಪದ್ಮಜಾ ಸೌಟು ಹಿಡಿದೇ ನಗತೊಡಗಿದಳು.

"ಮೇಡಂ, ಆ ರೂಲು ನಾವು ಹಾಕಿದ್ದು..." ಎಂದು ಶಿವರಾಮು ನನ್ನ ಕಡೆ ತಿರುಗಿದರು.

"ಯಾರಿಗೆ ಅಂತ ಹಾಕಿದ್ರಿ ಶಿವರಾಮು ಅವ್ರೇ?" ಎಂದಳು ನಿರುಪಮಾ.

ಆಗಸ್ಟಿನಲ್ಲಿ ಬರೆಯಲಾಗದ ಹೆಸರನ್ನು ಡಿಸೆಂಬರಿನಲ್ಲಿ ಹೇಳುವುದು ಅವರಿಂದ ಹೇಗಾದೀತು? ಕೊನೆಗೆ ಅವರೇ ನಕ್ಕುಬಿಟ್ಟರು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಕಾಫಿ ನಾನೇ ತರ್ತೀನಿ," ಎಂದು ಎದ್ದುಹೋದರು.

ಅವರು ಅಡುಗೆಮನೆ ಸೇರುವಷ್ಟರಲ್ಲಿ ನಿರುಪಮಾ ಟವೆಲು ಹಾಸಿದ್ದಳು. "ದ್ವಾರಕಾನಾಥ್, ನಿಮ್ಮ ಟಿಬೆಟ್ಸ್ ಇನ್ನು ಮೂರು ವರ್ಷ ಬರಲ್ಲ. ನಿಮಗ್ಯಾಕೆ ದಂಡದ ಹೊರೆ? ಒಂದು ಬೆರಳು ಕೊಡ್ತೀನಿ."

ಯಜಮಾನನಾಗಿ ಐದು ನಿಮಿಷವಾಗಿದ್ದ ದ್ವಾರಕಾನಾಥ ಹಿಗ್ಗಿನಿಂದ ಕೈ ತೂರಿಸಿದ.

"ಏ ತಮ್ಮಾ, ಕೈ ತಗೀಯೋ! ಆಕಿ ಪೇಪರ್ ಓದ್ಯಾಳ!" ಎಂದರು ಸಂಗನಬಸಪ್ಪ.

"ಅಡಿಕೆ ಹಾಕ್ಕೋಬೇಡ್ವೋ!" ಎಂದು ಶಿವರಾಮು ಕಾಫಿ ತಟ್ಟೆ ಹಿಡಿದು ಓಡಿಬಂದರು. ದ್ವಾರಕಾನಾಥ ಆಗಲೇ ಜಗಿಯುತ್ತಿದ್ದ.

ನಿರುಪಮಾ ಕುರ್ಚಿಗೆ ಒರಗಿ ಶಿವರಾಮು ಅವರ ಕೈಯಿಂದ ಲೋಟ ತೆಗೆದುಕೊಂಡಳು.

"ಮೂರು ವರ್ಷದ ಕರಾರೇನೋ ಸರಿ ಮೇಡಂ," ಎಂದಳು ನನಗೆ. "ಆ ಹೊಸ ಲೀಗಿನ ಕಟ್ಟಡವೇ ಮೂರು ವರ್ಷ ನಿಲ್ಲುತ್ತಾ?"