ಮಧುರೆ ದಾರಿ ತುಳಿದು ನೋಡಿದವರು

ದೊಡ್ಡಬಳ್ಳಾಪುರದ ಆ ಸೈಕಲ್ ಮೆಕ್ಯಾನಿಕ್ ಯಾರು ಏನು ಕೇಳಿದರೂ ಹೆಬ್ಬೆರಳಿನಿಂದ ಟೈರು ಒತ್ತುತ್ತಾ, "ಯಾವ ದಾರಿ ಗುರು?" ಅನ್ನುತ್ತಿದ್ದರು. ಜಲ್ಲಿದಾರಿಗೆಂದೇ ಮಾಡಿದ ಗ್ರಾವೆಲ್ ಬೈಕ್ ಕೊಳ್ಳಲೋ, ಮೌಂಟನ್ ಬೈಕ್ ಕೊಳ್ಳಲೋ ಎಂದು ನಾನು ಕೇಳಿದಾಗಲೂ ಅದೇ ಮಾತು. ಇಲ್ಲೇ ಹತ್ತಿರದ ಮಧುರೆ ಹಳ್ಳಿ ಕಡೆಯ ಮಣ್ಣುದಾರಿ ಅಂದೆ. ಆಗಲೇ ಅವರಿಗೆ ಉಬ್ಬಸ. ಆದರೂ ಮರುದಿನ ತಮ್ಮ ಹಳೇ ಸೈಕಲ್ಲಿನಲ್ಲಿ ಆ ದಾರಿಯನ್ನು ಪೂರ್ತಿ ತುಳಿದು ಬಂದರು. ಅಂಗಡಿ ಮೆಟ್ಟಿಲ ಮೇಲೆ ಕೂತು ತುಂಬ ಹೊತ್ತು ಉಸಿರು ಸುಧಾರಿಸಿಕೊಂಡರು.

"ಗ್ರಾವೆಲ್ ಬೇಡ. ಅದಕ್ಕೆ ಮುಂದೆ ಶಾಕ್ ಅಬ್ಸಾರ್ಬರ್ ಇರಲ್ಲ. ಅಲ್ಲಿ ಗುಂಡಿ ಜಾಸ್ತಿ, ನಿನ್ನ ಕೈ ಒಂದ್ಸಲ ಮುರಿದಿದೆಯಲ್ಲಪ್ಪಾ."

ಅದನ್ನು ಅವರಿಗೆ ಯಾವಾಗ ಹೇಳಿದ್ದೆನೋ, ನೆನಪಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಅವರ ಮಾತು ಕೇಳಿ ಕೊಂಡಿದ್ದ ಅದೇ ಮೌಂಟನ್ ಬೈಕ್ ಹತ್ತಿ ಖಬರಸ್ತಾನಕ್ಕೆ ಹೋದೆ. ದಾರಿಯುದ್ದಕ್ಕೂ ಗುಂಡಿಗಳಿದ್ದವು. ಕೈ ಮಾತ್ರ ನೋಯಲಿಲ್ಲ.