ಹನ್ನೆರಡು ಹೆಜ್ಜೆಯ ಮಹಾರಾಷ್ಟ್ರ

ಪ್ರೊಬೇಷನ್ ಕಚೇರಿಯಿಂದ ಕಾಗವಾಡದ ಕಡೆಯ ಗಡಿ ಊರೊಂದಕ್ಕೆ, ಅಣ್ಣಪ್ಪ ಎಂಬವರ ಮನೆಗೆ ವಿಚಾರಿಸಲು ಹೋಗಿದ್ದೆ. ಹೊಡೆದಾಟದ ಕೇಸಿನಲ್ಲಿ ಕೋರ್ಟು ಅವರನ್ನು ಜೈಲಿಗೆ ಕಳಿಸದೆ, ವರ್ಷವಿಡೀ ಸನ್ನಡತೆಯಿಂದಿರಬೇಕು, ರಾಜ್ಯ ಬಿಡಬಾರದು ಎಂದು ಮುಚ್ಚಳಿಕೆ ಬರೆಸಿಕೊಂಡಿತ್ತು. ತಪ್ಪಿದರೆ ಜೈಲೇ.

"ಷರತ್ತುಗಳನ್ನು ಪಾಲಿಸುತ್ತಿದ್ದೀರಾ?" ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದೆ.

ಅವರು ಓಣಿಯಾಚೆಯ ಕೊಟ್ಟಿಗೆ ತೋರಿಸಿದರು. "ಅದು ಮಹಾರಾಷ್ಟ್ರರೀ ಮ್ಯಾಡಂ. ಹನ್ನೆರಡು ಹೆಜ್ಜಿ. ನಮ್ಮ ಎಮ್ಮಿ ನನ್ನ ದನಿ ಕೇಳ್ಲಿಲ್ಲಂದ್ರ ಹಾಲ ಬಿಡಂಗಿಲ್ಲ."

ದಿನಾ ಹೆಂಡತಿ ಅಲ್ಲಿ ಹಿಂಡುತ್ತಾರೆ, ಇವರು ಕರ್ನಾಟಕದಲ್ಲಿ ನಿಂತು ಕೂಗಿ ಕೂಗಿ ಎಮ್ಮೆಯನ್ನು ರಮಿಸುತ್ತಾರಂತೆ.

"ಎಮ್ಮೆಯನ್ನೇ ಈಚೆ ಕಟ್ಟಬಹುದಲ್ವಾ?" ಎಂದೆ ಮೆಲ್ಲಗೆ.

"ಜಾಗಾ ಎಲ್ಲೈತ್ರಿ? ಇವರು ಹೊರಗ ಮಲಗ್ತೀನಿ ಅಂದ್ರ ಈಗ ತಂದ ಕಟ್ತೀನಿ," ಎಂದರು ಹೆಂಡತಿ. "ಅಕಿನ್ನ ರಮಿಸಿದ್ಹಾಂಗ ನನ್ನ ಒಂದಿನಾನೂ ರಮಿಸಿಲ್ರಿ!"

ಅಣ್ಣಪ್ಪ ನಗಲಿಲ್ಲ. "ಒದರಿ ಒದರಿ ಗಂಟಲಾ ಕಟ್ಟೇತ್ರಿ. ದನಿ ಹೋದ್ರ ಹಾಲು ಹೋತು. ಹೆಜ್ಜಿ ಇಟ್ರ ನಾನ ಹೋದೆ."

ಕಚೇರಿಗೆ ಮರಳಿ, ಕೊಟ್ಟಿಗೆಯವರೆಗೆ ಹೋಗಲು ಅನುಮತಿ ಕೊಡಬಹುದೆಂದು ಕೋರ್ಟಿಗೆ ವರದಿ ಬರೆದೆ.

"ಆಚೆ ಹೋದಾಂವ ವಾಪಸ್ ಬರ್ತಾನಂತ ಏನ್ ಖಾತ್ರಿ?" ಎಂದರು ನಮ್ಮ ಸಾಹೇಬರು.

"ಹಾಲು ಕಾಯಿಸೋ ಒಲೆ ಕರ್ನಾಟಕದಲ್ಲಿದೆ, ಸರ್," ಎಂದೆ.

ಕೋರ್ಟಿನಿಂದ ಅನುಮತಿ ಬಂತು, ದಿನಕ್ಕೆ ಎರಡು ಸಲ ಮಾತ್ರ. ಎಮ್ಮೆ ಮೂರನೇ ಸಲ ಕರೆದರೆ ಏನು ಮಾಡಬೇಕೆಂದು ಆದೇಶದಲ್ಲಿ ಬರೆದಿಲ್ಲ.