ಮಟ್ಟೆ ಲಾರಿಯ ಹೆಸರಲ್ಲಿ ಬಂದ ಕರೆ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ ಗಂಗಾಧರಯ್ಯನವರು. ನಡುಮನೆಯಲ್ಲಿ ನಿಂತು, ಅಪ್ಪನಿಗೆ, ಅವ್ವನಿಗೆ, ಕೊಟ್ಟಿಗೆಯಲ್ಲಿದ್ದ ಎಮ್ಮೆಗಳಿಗೂ ಕೇಳುವಂತೆ ಹೇಳಿದ್ದರು: "ಹೆಣ್ಮಗ ವೈರು ಹಿಡ್ಕಂಡು ಕಂಪ್ಯೂಟ್ರಿಗೂ ಕಂಪ್ಯೂಟ್ರಿಗೂ ಗಂಟು ಹಾಕ್ತೀನಿ ಅಂದ್ರೆ ಆಗೋ ಮಾತಾ ಅದು? ಬಿ.ಎಸ್ಸಿ. ಆಯ್ತು, ಸಂತೋಷ. ಬಿ.ಎಡ್. ಮಾಡಿ ಮೇಡಮ್ಮಾಗು. ಊರೇ ಕೈ ಮುಗೀತದೆ."

ಅದೇ ದೊಡ್ಡಪ್ಪ ಈಗ ತಿಪಟೂರಿನ ಒಂದು ಟೈಲರ್ ಅಂಗಡಿಯ ಬೆಂಚಿನ ಮೇಲೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನನ್ನ ಪಕ್ಕ ಕೂತಿದ್ದಾರೆ. ಅಂಗಡಿಯ ಮಹಡಿಯ ಮೇಲೆ ನಾನು ನೆಟ್‌ವರ್ಕಿಂಗ್ ಕಲಿತ ಕೋಣೆ. ನನ್ನ ಸರ್ಟಿಫಿಕೇಟು ಬಂದಿದೆ, ಬಂದು ತೆಗೆದುಕೊಂಡು ಹೋಗು ಎಂದು ಜಬೀನಾ ಮೇಡಂ ಹೇಳಿದ್ದಾರೆ. ಅವರಿನ್ನೂ ಪಾಠ ಮುಗಿಸಿಲ್ಲ. ಮೇಡಂ ಅವರ ಚಿಕ್ಕಪ್ಪನದೇ ಅಂಗಡಿ. ಅವರ ಇಸ್ತ್ರಿ ಪೆಟ್ಟಿಗೆಗೆ ಇವತ್ತಿಗೂ ತೆಂಗಿನ ಚಿಪ್ಪಿನ ಇದ್ದಿಲೇ ಆಗಬೇಕು. ಆ ಕೆಂಡದ ವಾಸನೆಯೂ ಒದ್ದೆ ಬಟ್ಟೆಯ ಆವಿಯೂ ಸೇರಿ ಮೂಗಿಗೆ ಬಂದರೆ ಸಾಕು, ನನಗೆ ಪಾಠವೆಲ್ಲ ನೆನಪಾಗುತ್ತದೆ.

ಅಷ್ಟರಲ್ಲಿ ದೊಡ್ಡಪ್ಪನ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಅವರು ಒಂದು ಕ್ಷಣ ಅದನ್ನು ನೋಡಿ, ಕಿವಿಗಿಟ್ಟು, ಮೆಲ್ಲಗೆ ಹೇಳಿದರು: "ನಮಸ್ಕಾರ. ನಾನು ಗಂಗಾಧರಯ್ಯ ಅಂತ, ದಬ್ಬೇಘಟ್ಟದ ಕಡೆಯೋನು. ತಾವ್ಯಾರು ಸ್ವಾಮಿ?"

ನಿಮಗೆ ಇದರಲ್ಲಿ ವಿಶೇಷವೇನೂ ಕಾಣಿಸದೆ ಇರಬಹುದು. ನಮ್ಮ ಮನೆಯವರು ಬೇರೆ ಯಾರಾದರೂ ಜೊತೆಯಲ್ಲಿ ಇದ್ದಿದ್ದರೆ ದೊಡ್ಡಪ್ಪನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡುತ್ತಿದ್ದರು. ಫೋನಿನಲ್ಲಿ ತಮ್ಮ ಹೆಸರನ್ನು ತಾವೇ ಮೊದಲು ಹೇಳುವ ಮನುಷ್ಯ ಅಲ್ಲ ಅವರು. ಹೆಸರು ಹೇಳಬೇಕಾದವನು ಕರೆ ಮಾಡಿದವನು. ಹೆಸರೂ ಸಾಲದು, ಊರು ಹೇಳಬೇಕು, ಅಪ್ಪನ ಹೆಸರು ಹೇಳಬೇಕು, ತೋಟ ಯಾರ ತೋಟದ ಪಕ್ಕಕ್ಕೆ ಬರುತ್ತದೆ ಎಂದು ಹೇಳಬೇಕು. ನಮ್ಮ ಕಡೆ ಹಿರಿಯರೆಲ್ಲ ಹೊಸಬರನ್ನು ಗುರುತಿಸುವುದು ಹೀಗೆಯೇ. ಎಲ್ಲೋ ಒಂದು ಕಡೆ ಎರಡೂ ಮನೆಗೆ ಗೊತ್ತಿರುವ ಒಬ್ಬ ಮನುಷ್ಯ ಸಿಗುವವರೆಗೂ ಬಿಡುವುದಿಲ್ಲ. ಸಿಕ್ಕಮೇಲೆ ಮಾತಿನ ಧಾಟಿಯೇ ಬೇರೆ.

ಒಂದು ಸಲ ಯಾವುದೋ ಕಾರ್ಡು ಮಾರುವ ಹುಡುಗಿ ಕರೆ ಮಾಡಿದ್ದಳು. ನೀವಾದರೆ ಕಟ್ ಮಾಡುತ್ತೀರಿ, ನಾನೂ ಮಾಡುತ್ತೇನೆ. ದೊಡ್ಡಪ್ಪ ಆರಾಮಾಗಿ ಜಗಲಿಯ ಮೇಲೆ ಕಾಲು ಚಾಚಿದರು.

"ಯಾವೂರು ಮಗ ನಿಂದು?"

"ಬೆಂಗಳೂರು ಸರ್."

"ಬೆಂಗ್ಳೂರು ಯಾರಿಗೂ ಸ್ವಂತ ಊರಲ್ಲ ಕಣಮ್ಮ. ನಿಮ್ಮಪ್ಪಂದು ಯಾವೂರು?"

ಹುಡುಗಿ ಕಂದಿಕೆರೆ ಹತ್ತಿರ ಎಂದಳು. ಅಲ್ಲಿಗೆ ಮುಗಿಯಿತು. ಕಂದಿಕೆರೆಯಲ್ಲಿ ಯಾರ ಮನೆ, ಆ ಮನೆಗೆ ಹುಳಿಯಾರಿನಿಂದ ತಂದ ಸೊಸೆ ಯಾರು ಎಂದೆಲ್ಲ ಕೇಳಿ, ಕೊನೆಗೆ ಆ ಹುಡುಗಿಯ ತಾತ ಕುರಿ ಮಾರಲು ಬಂದಾಗ ನಮ್ಮ ಜಗಲಿಯ ಮೇಲೆ ಮಲಗಿದ್ದರು ಎಂದು ಸಾಬೀತು ಮಾಡಿಯೇ ಬಿಟ್ಟರು. ಕಾರ್ಡು ಮಾರಲು ಬಂದವಳು ಫೋನಿಡುವಾಗ "ಆರೋಗ್ಯ ನೋಡ್ಕಳಿ ತಾತ" ಎಂದಳು.

ಇಂಥ ಮನುಷ್ಯನ ಫೋನಿಗೆ ನನ್ನ ಅಣ್ಣನೊಬ್ಬ, ಗೊತ್ತಿಲ್ಲದವರ ಹೆಸರು ತೋರಿಸುವ ಆ್ಯಪು ಹಾಕಿಕೊಟ್ಟ. ಆ ಹೆಸರುಗಳು ಎಲ್ಲಿಂದ ಬರುತ್ತವೆ ಗೊತ್ತಲ್ಲ? ಬೇರೆಯವರು ತಮ್ಮ ತಮ್ಮ ಫೋನುಗಳಲ್ಲಿ ಏನೆಂದು ಬರೆದುಕೊಂಡಿರುತ್ತಾರೋ ಅದೇ ಕಾಣಿಸುತ್ತದೆ. 'ಕಾಯಿ ಕೀಳೋ ಸಿದ್ದ ಎರಡನೇ ನಂಬರ್', 'ಬೋರ್‌ವೆಲ್ ಸುಳ್ಳ' ಎಂದೆಲ್ಲ ಬರತೊಡಗಿತು. ದೊಡ್ಡಪ್ಪನಿಗೆ ಬಲು ಖುಷಿ. ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದರು. ತಮ್ಮ ನಂಬರು ಬೇರೆಯವರಿಗೆ ಏನೆಂದು ಕಾಣುತ್ತದೆ ಎಂಬ ಕುತೂಹಲ ಹುಟ್ಟಿ ಅಣ್ಣನಿಂದ ನೋಡಿಸಿದರು. 'ತಕರಾರು ಗಂಗಣ್ಣ' ಎಂದು ಬಂತು. "ಯಾವನ್ಲಾ ಅವ್ನು ಹಿಂಗೆ ಬರ್ಕಂಡಿರೋನು? ಕರೀಲಾ ಅವನ್ನ! ಇವತ್ತು ತೀರ್ಮಾನ ಆಗ್ಬುಡ್ಲಿ!" ಎಂದು ಕೂಗಾಡಿ, ಆ ಹೆಸರಿಗೆ ಇನ್ನೂ ನಾಲ್ಕು ಸಾಕ್ಷಿ ಒದಗಿಸಿದರು. ಆದರೂ ಆ ಆ್ಯಪಿನಲ್ಲಿ ಅವರ ನಂಬಿಕೆ ಹೋಗಲಿಲ್ಲ. ಪರದೆಯ ಮೇಲೆ ಹೆಸರು ಬಂತೆಂದರೆ ಊರು ಕೇರಿ ವಿಚಾರಿಸುವ ಗೋಜಿಲ್ಲ. ಅಷ್ಟು ವರ್ಷದ ಅಭ್ಯಾಸವನ್ನು ಅವರು ಅಷ್ಟು ಬೇಗ ಬಿಟ್ಟಿದ್ದು ನನಗೆ ಆಶ್ಚರ್ಯವೇ.

ಇತ್ತ ನಾನು ದಿನವೂ ತುರುವೇಕೆರೆಯಲ್ಲಿ ಬಸ್ಸು ಬದಲಿಸಿ ತಿಪಟೂರಿಗೆ ಬರುತ್ತಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹಾಗಾಗಿ ಡಿಗ್ರಿ ಮುಗಿದ ಮೇಲೂ ಇನ್ನೇನೋ ಓದುತ್ತಿದ್ದೇನೆಂದರೆ, ಹಿಂದೆ ಓದಿದ್ದು ಸರಿಯಾಗಿ ಬಂದಿಲ್ಲವೇನೋ ಎಂಬ ಅನುಮಾನ ಎಲ್ಲರಿಗೂ. ಜಬೀನಾ ಮೇಡಂ ಲಾರಿ ಮೆಕ್ಯಾನಿಕ್ಕಿನ ಮಗಳು. ಪಾಠವನ್ನೂ ಹಾಗೆಯೇ ಮಾಡುತ್ತಿದ್ದರು. ಮೊದಲು ಬಿಚ್ಚು, ಆಮೇಲೆ ಕೇಳು. ಮೊದಲ ವಾರ ಬರೀ ಕೇಬಲ್ ಸೀಳಿ, ಒಳಗಿನ ಬಣ್ಣಬಣ್ಣದ ಎಳೆಗಳನ್ನು ಸಾಲಾಗಿ ಜೋಡಿಸಿ, ತುದಿಗೆ ಪ್ಲಗ್ಗು ಒತ್ತುವುದೇ ಕೆಲಸ. ಮನೆಗೂ ತಂದು ಮಾಡುತ್ತಿದ್ದೆ. ಎಳೆಗಳು ಎರಡೆರಡಾಗಿ ಹೊಸೆದುಕೊಂಡಿರುತ್ತವೆ. ಚಿಕ್ಕಂದಿನಿಂದ ತೆಂಗಿನ ನಾರಿನ ಹುರಿ ಹೊಸೆದ ಅವ್ವ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ, "ಇದ್ಯಾಕೆ ಹಿಂಗೆ ಹೊಸೆದವ್ರೆ?" ಎಂದಳು. ಹೀಗೆ ಹೊಸೆದರೆ ಒಂದು ಜೋಡಿಯ ಮಾತು ಪಕ್ಕದ ಜೋಡಿಗೆ ಕೇಳಿಸುವುದಿಲ್ಲ ಎಂದೆ. ಅವ್ವ ನಡುಮನೆಯ ಕಡೆ ಒಮ್ಮೆ ನೋಡಿ, "ನಮ್ಮನೆಗೂ ಯಾರಾದ್ರೂ ಹಿಂಗೆ ಹೊಸೆದುಕೊಟ್ಟಿದ್ರೆ ಚೆನ್ನಾಗಿತ್ತು ಬುಡು" ಎಂದಳು.

ಒಂದು ಮಧ್ಯಾಹ್ನದ ಪಾಠ ಮಾತ್ರ ನಾನು ಸಾಯುವವರೆಗೆ ಮರೆಯುವುದಿಲ್ಲ. ಮೇಡಂ ಒಂದು ಆಜ್ಞೆ ಟೈಪು ಮಾಡಿಸಿದರು. ನಮ್ಮ ಕಂಪ್ಯೂಟರಿನಿಂದ ಹೊರಟ ಒಂದು ಸಂದೇಶ ಸಮುದ್ರದಾಚೆಯ ಯಾವುದೋ ಊರಿನ ಯಂತ್ರವನ್ನು ಮುಟ್ಟಲು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ತೋರಿಸುವ ಆಜ್ಞೆ ಅದು. ಪರದೆಯ ಮೇಲೆ ಒಂದೊಂದೇ ಸಾಲು ಮೂಡತೊಡಗಿತು. ಮೊದಲ ಸಾಲು ನಮ್ಮ ಕೋಣೆಯ ಗೋಡೆಯ ಮೇಲಿದ್ದ ಪೆಟ್ಟಿಗೆ. ಆಮೇಲೆ ಊರಿನದು. ಆಮೇಲೆ ಬೆಂಗಳೂರು. ಆಮೇಲೆ ಕಡಲ ದಡದ ಒಂದು ಊರು. ಆಮೇಲೆ ನಾನು ಭೂಪಟದಲ್ಲಿ ಹುಡುಕಬೇಕಾದ ಹೆಸರುಗಳು.

"ಇದರಲ್ಲಿ ಪೂರ್ತಿ ದಾರಿ ಯಾರಿಗೆ ಗೊತ್ತಿರುತ್ತೆ ಹೇಳಿ" ಎಂದರು ಮೇಡಂ.

ಮೊದಲನೆಯದಕ್ಕೆ ಎಂದೆ ನಾನು. ಕೊನೆಯದಕ್ಕೆ ಎಂದರು ಇನ್ಯಾರೋ.

"ಯಾರಿಗೂ ಗೊತ್ತಿರಲ್ಲ. ಮುಂದಕ್ಕೆ ಯಾರ ಕೈಗೆ ಕೊಡಬೇಕು ಅನ್ನೋದಷ್ಟೇ ಒಬ್ಬೊಬ್ಬರಿಗೂ ಗೊತ್ತು. ಆದ್ರೂ ಮುಟ್ಟುತ್ತೆ ನೋಡಿ."

ಕೆಲವು ಸಾಲುಗಳಲ್ಲಿ ಹೆಸರಿನ ಬದಲು ಬರೀ ನಕ್ಷತ್ರದ ಗುರುತಿತ್ತು. ಅದೇನು ಎಂದು ಕೇಳಿದೆ. ಅವು ತಾವು ಯಾರೆಂದು ಹೇಳುವುದಿಲ್ಲ, ಕೇಳಿದರೆ ಉತ್ತರವನ್ನೂ ಕೊಡುವುದಿಲ್ಲ, ಕೈಗೆ ಬಂದದ್ದನ್ನು ಮುಂದಕ್ಕೆ ದಾಟಿಸುತ್ತವೆ ಅಷ್ಟೆ ಎಂದರು. ನನ್ನ ಮೈ ಜುಮ್ಮೆಂದಿತು. ಮೊದಲ ಬಸ್ಸಿಗೆಂದು ಕತ್ತಲಲ್ಲೇ ಎದ್ದು ಬುತ್ತಿ ಕಟ್ಟಿ, ಒಂದು ಮಾತೂ ಆಡದೆ ನನ್ನ ಕೈಗಿಡುವ ಅವ್ವ ಕಣ್ಣಮುಂದೆ ಬಂದಳು. ಕೆಳಗೆ ಟೈಲರ್ ಮೆಷಿನ್ನು ಕಟಕಟ ಎನ್ನುತ್ತಿತ್ತು, ರಸ್ತೆಯಲ್ಲಿ ಕೊಬ್ಬರಿ ಮೂಟೆಯ ಗಾಡಿ ಹೋಗುತ್ತಿತ್ತು, ನಾನು ಮಾತ್ರ ದೇವಸ್ಥಾನದಲ್ಲಿ ನಿಂತವಳ ಹಾಗೆ ನಿಂತಿದ್ದೆ.

ಆ ಸಲ ನಮ್ಮ ಕೋಣೆಗೆ ಶುಲ್ಕವಿಲ್ಲದೆ ಸಿಕ್ಕ ಸರ್ಟಿಫಿಕೇಟ್ ಪರೀಕ್ಷೆಯ ಅವಕಾಶ ಒಂದೇ. ಮೇಡಂ ಅದನ್ನು ನನಗೆ ಕೊಟ್ಟರು. ದೊಡ್ಡಪ್ಪನೂ ಒಂದು ಗಡಿ ಹಾಕಿದರು: "ಇದೊಂದು ಸಲ ನೋಡ್ತೀನಿ. ಆಗ್ಲಿಲ್ವಾ, ಬಾಯ್ ಮುಚ್ಕಂಡು ಬಿ.ಎಡ್." ಅರ್ಜಿಯಲ್ಲಿ ಫೋನ್ ನಂಬರಿನ ಜಾಗಕ್ಕೆ ದೊಡ್ಡಪ್ಪನದನ್ನೇ ಬರೆದೆ. ರೇಷನ್ ಕಾರ್ಡಿಗೆ, ಗ್ಯಾಸಿಗೆ, ಬ್ಯಾಂಕಿಗೆ, ನಮ್ಮ ಮನೆಯಿಂದ ಹೋಗುವ ಯಾವ ಕಾಗದಕ್ಕೂ ಅದೇ ನಂಬರು. ಬೇರೆ ಬರೆಯಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಅದೇ ದಿನಗಳಲ್ಲಿ ನಮ್ಮ ತೋಟಕ್ಕೆ ಮಟ್ಟೆ ತುಂಬಲು ಒಂದು ಲಾರಿ ಬಂದಿತ್ತು. ಕಾಯಿ ಸುಲಿದ ಮೇಲೆ ಉಳಿಯುವ ಮಟ್ಟೆಯನ್ನು ನಾರಿನ ಕಾರ್ಖಾನೆಯವರು ಒಯ್ಯುತ್ತಾರಲ್ಲ, ಆ ಲಾರಿ. ಹಿಂದಕ್ಕೆ ತೆಗೆಯುವಾಗ ಬೇಲಿ ಮುರಿದು, ಹೇಳದೆ ಕೇಳದೆ ಹೊರಟುಹೋಗಿತ್ತು. ದೊಡ್ಡಪ್ಪ ಕುದಿಯುತ್ತಿದ್ದರು. ಒಂದು ಬೆಳಗ್ಗೆ ಜಗಲಿಯ ಮೇಲೆ ನಾನು ಬುತ್ತಿ ಚೀಲ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದಾಗ ಅವರ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ಮಟ್ಟೆ ಲಾರಿ' ಎಂದು ಬಂತು.

"ಹಲೋ ಸರ್, ನಾಳೆ..." ಎಂಬಷ್ಟು ಹೆಣ್ಣು ದನಿ ನನಗೂ ಕೇಳಿಸಿತು.

"ನಾಳೇನೂ ಬ್ಯಾಡ, ನಾಡಿದ್ದೂ ಬ್ಯಾಡ! ಹೆಂಗಸ್ರ ಕೈಲಿ ಮಾತಾಡ್ಸುದ್ರೆ ಬಗ್ತೀನಿ ಅನ್ಕಂಡ್ರಾ? ಇನ್ನೊಂದ್ಸಲ ನಮ್ಮನೆ ಕಡೆ ತಲೆ ಹಾಕ್ಬೇಡಿ!"

ಕಟ್ ಮಾಡಿ, ಆ ನಂಬರನ್ನೇ ಬ್ಲಾಕು ಮಾಡಿ, ಗೆದ್ದವರಂತೆ ಮೀಸೆ ತಿರುವಿಕೊಂಡರು. ನಾನು ನಗುತ್ತಲೇ ಬಸ್ಸು ಹತ್ತಿದೆ.

ತಿಪಟೂರು ಮುಟ್ಟಿದಾಗ ಜಬೀನಾ ಮೇಡಂ ಮೆಟ್ಟಿಲ ಮೇಲೆಯೇ ನಿಂತಿದ್ದರು. ತುಮಕೂರಿನ ಪರೀಕ್ಷಾ ಕೇಂದ್ರದವರು ಪರೀಕ್ಷೆಯನ್ನು ನಾಳೆಗೇ ಹಾಕಿದ್ದಾರೆ. ಒಪ್ಪಿಗೆ ಕೇಳಲು ನಮ್ಮ ಮನೆಗೆ ಫೋನು ಮಾಡಿದ್ದಾರೆ. "ಯಾರೋ ಗಂಡಸು ನಾಳೆನೂ ಬೇಡ, ನಾಡಿದ್ದೂ ಬೇಡ ಅಂದ್ರಂತೆ! ಸಂಜೆ ಒಳಗೆ ಬೇರೆಯವರಿಗೆ ಕೊಡ್ತಾರೆ. ಏನಮ್ಮ ಇದು?"

ಬೆಳಗ್ಗೆಯ 'ಮಟ್ಟೆ ಲಾರಿ' ಯಾರೆಂದು ನನಗೆ ಆಗ ಗೊತ್ತಾಯಿತು. ಆ ನಂಬರು ಹಿಂದೆ ಯಾವನೋ ಮಟ್ಟೆ ವ್ಯಾಪಾರಿಯ ಹತ್ತಿರ ಇದ್ದಿರಬೇಕು; ಯಾರೋ ಬರೆದುಕೊಂಡ ಹಳೆಯ ಹೆಸರು ಹಾಗೇ ಉಳಿದಿತ್ತು. ನಾನೇ ಕೇಂದ್ರಕ್ಕೆ ಫೋನು ಮಾಡಿದೆ. ಆ ಕಡೆಯ ಹೆಂಗಸು ಬಿಗಿಯಾಗಿ ಹೇಳಿದರು: "ಅರ್ಜಿಯಲ್ಲಿ ಇರೋ ನಂಬರಿನವರು ಬೇಡ ಅಂದಿದ್ದಾರೆ. ಅವರೇ ಬೇಕು ಅನ್ನಬೇಕು."

ಪುಣ್ಯಕ್ಕೆ ಅವತ್ತು ಕೊಬ್ಬರಿ ಮಾರುಕಟ್ಟೆಯ ದಿನ. ದೊಡ್ಡಪ್ಪ ಊಟದ ಹೊತ್ತಿಗೆ ತಿಪಟೂರಿಗೆ ಬಂದಿದ್ದರು. ಮಾರುಕಟ್ಟೆಗೆ ಓಡಿ, ಮೂಟೆಗಳ ನಡುವೆ ಅವರನ್ನು ಹಿಡಿದು ಹೇಳಿದೆ. ಅವರು ಹೆಗಲ ಟವೆಲ್ ಎಳೆದುಕೊಂಡು ನನ್ನ ಹಿಂದೆಯೇ ನಡೆದು ಬಂದು, ಇದೇ ಮೆಟ್ಟಿಲು ಹತ್ತಿದರು. ಮೇಡಂ ತಮ್ಮ ಫೋನಿನಿಂದ ಕೇಂದ್ರಕ್ಕೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು: "ಯಾವೂರವ್ವ ನಿಂದು?"

ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಸರ್, ನಾನು ರಾಯಚೂರಿನವಳು. ವಿಷಯ ಹೇಳಿ."

"ರಾಯಚೂರು." ದೊಡ್ಡಪ್ಪ ಅದನ್ನು ಬಾಯಲ್ಲಿ ಒಂದು ಸುತ್ತು ತಿರುಗಿಸಿದರು. ಯಾವ ಸೊಸೆಯೂ ಅಲ್ಲಿಂದ ಬಂದಿಲ್ಲ, ಯಾವ ಮಗಳನ್ನೂ ಅಲ್ಲಿಗೆ ಕೊಟ್ಟಿಲ್ಲ. ಅವರ ಮುಖ ನೋಡಿದರೆ, ದಾರಿ ಗದ್ದೆಯ ಬದುವಿನಲ್ಲಿ ಮುಗಿದುಹೋದಂತೆ ಇತ್ತು. "ಅಲ್ಲಿ ನಮ್ಮೋರು ಯಾರೂ ಇಲ್ವಲ್ಲವ್ವ. ಯಾರ ಹೆಸರು ಹೇಳ್ಕಂಡು ಕೇಳ್ಲಿ ನಿನ್ನ?"

ಉತ್ತರಕ್ಕೆ ಕಾಯದೆ ತಾವೇ ಮುಂದುವರಿಸಿದರು.

"ನಾನು ಗಂಗಾಧರಯ್ಯ ಅಂತ. ದಬ್ಬೇಘಟ್ಟದ ಹತ್ರ. ಬೆಳಗ್ಗೆ ಬಯ್ದೋನು ನಾನೇ. ಬೇಲಿ ಮುರಿದ ಲಾರಿಯೋರು ಅನ್ಕಂಡು ಬಯ್ದೆ, ತಪ್ಪಾಯ್ತು. ಈ ಹುಡುಗಿ ನನ್ನ ತಮ್ಮನ ಮಗಳು. ನಮ್ಮಪ್ಪ ಹೆಬ್ಬೆಟ್ಟು, ನಾನು ಏಳನೇ ಕ್ಲಾಸು. ಇವಳು ಓದವಳೆ. ಇದು ಆಗಲ್ಲ ಅಂತ ಅಂದೋನೂ ನಾನೇ. ಆದ್ರೆ ನನ್ನ ಬಾಯಿಂದ ಕೆಟ್ಟೋಯ್ತು ಅಂತ ಆಗ್ಬಾರ್ದು ಕಣವ್ವ. ಬರೀಲಿ. ಆಗ್ಲಿಲ್ಲ ಅಂದ್ರೆ ಇವಳಿಂದ್ಲೇ ಆಗ್ದೆ ಹೋಗ್ಲಿ."

ನಮ್ಮ ದೊಡ್ಡಪ್ಪ ಗುರುತು ಪರಿಚಯ ಯಾವುದರ ಆಸರೆಯೂ ಇಲ್ಲದೆ ಒಬ್ಬರ ಮುಂದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದಿದ್ದರು, ಆ ಹೆಂಗಸು ಎದುರಿಗೇ ಇದ್ದಾರೆ ಎನ್ನುವಂತೆ. ಸಮುದ್ರದಾಚೆಗೆ ಸಾಲು ಸಾಲಾಗಿ ದಾಟಿದ ಸಂದೇಶ ನೋಡಿ ಬೆರಗಾದವಳು ನಾನು. ಇದು ತುಮಕೂರಿನವರೆಗೆ ಹೋಗಬೇಕಾಗಿದ್ದ ಮಾತು. ಆದರೆ ಅದಕ್ಕಿಂತ ದೂರದ ದಾರಿ ಎನಿಸಿತು.

"ಬೆಳಗ್ಗೆ ಕಳಿಸಿ ಸರ್" ಎಂದರು ಆ ಹೆಂಗಸು. ದನಿ ಮೆತ್ತಗಾಗಿತ್ತು. "ಗುರುತಿನ ಚೀಟಿ ಮರೀಬೇಡಿ ಅನ್ನಿ."

ಮರುದಿನ ದೊಡ್ಡಪ್ಪನೇ ನನ್ನನ್ನು ತುಮಕೂರಿಗೆ ಕರೆದುಕೊಂಡು ಹೋದರು. ನಾನು ಒಳಗೆ ಬರೆಯುವಷ್ಟು ಹೊತ್ತೂ ಹೊರಗೆ ನಿಂತಿದ್ದರು. ಕಾವಲುಗಾರ ಕುರ್ಚಿ ಕೊಟ್ಟರೂ ಕೂರಲಿಲ್ಲವಂತೆ. ಪ್ರಶ್ನೆಗಳು ಕಷ್ಟವಿದ್ದವು. ಒಂದೆರಡಕ್ಕೆ ಕಣ್ಣು ಮುಚ್ಚಿ, ಈ ಸಂದೇಶ ನನ್ನ ಕೈಗೆ ಬಂದಿದ್ದರೆ ಯಾರಿಗೆ ದಾಟಿಸುತ್ತಿದ್ದೆ ಎಂದು ಯೋಚಿಸಿ ಬರೆದೆ. ಮುಗಿದ ಕೂಡಲೇ ಪರದೆಯ ಮೇಲೆ ತೇರ್ಗಡೆ ಎಂದು ಬಂತು. ಹೊರಗೆ ಬಂದು ಹೇಳಿದರೆ ದೊಡ್ಡಪ್ಪ ನಂಬಲಿಲ್ಲ. "ಪೇಪರ್ರು ಯಾರೂ ತಿದ್ದೇ ಇಲ್ಲ, ಅದೆಂಗೆ ಪಾಸಾಯ್ತೀಯ? ಕಾಗದ ಬರ್ಲಿ, ನೋಡನ" ಎಂದರು.

ಆ ಕಾಗದಕ್ಕೇ ಈಗ ಕಾಯುತ್ತಿರುವುದು. ತಪ್ಪಿ ಬಂದ ಆ ಕರೆಗೂ ನಮಸ್ಕಾರ ಹೇಳಿ ದೊಡ್ಡಪ್ಪ ಫೋನಿಟ್ಟರು. ಮೇಲೆ ಪಾಠ ಮುಗಿದು ಹುಡುಗಿಯರು ಇಳಿದು ಹೋದರು. ಜಬೀನಾ ಮೇಡಂ ತಾವೇ ಕೆಳಗೆ ಬಂದು, ಚಿಕ್ಕಪ್ಪನ ಮೆಷಿನ್ನು ನಿಲ್ಲಿಸಿ, ಸರ್ಟಿಫಿಕೇಟನ್ನು ಎರಡೂ ಕೈಯಿಂದ ನನಗೆ ಕೊಟ್ಟರು. ನಾನು ದೊಡ್ಡಪ್ಪನ ಕಾಲು ಮುಟ್ಟಿ, ಅದನ್ನು ಅವರ ಕೈಗಿಟ್ಟೆ. ಅವರು ಟವೆಲ್ಲಿಗೆ ಬೆರಳು ಒರೆಸಿಕೊಂಡು, ನನ್ನ ಹೆಸರಿನ ಕೆಳಗೆ ಮೆಲ್ಲಗೆ ಬೆರಳಾಡಿಸಿದರು. ಒಂದೊಂದೇ ಅಕ್ಷರ ಕೂಡಿಸಿದರು. ಆಮೇಲೆ ಬೆರಳು ಇನ್ನೂ ಕೆಳಗಿಳಿದು ಒಂದು ತಾರೀಕಿನ ಮೇಲೆ ನಿಂತಿತು.

"ಇದ್ಯಾವ್ ತಾರೀಕಮ್ಮ? ಇನ್ನೂ ಬಂದೇ ಇಲ್ವಲ್ಲ ಇದು?"

"ಅಲ್ಲೀವರೆಗೂ ಇದು ನಡೆಯುತ್ತೆ ಅಂತ. ಮೂರು ವರ್ಷ ಆದ್ಮೇಲೆ ಮತ್ತೆ ಪರೀಕ್ಷೆ ಬರೀಬೇಕು" ಎಂದರು ಮೇಡಂ.

ದೊಡ್ಡಪ್ಪ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ಕಣ್ಣು ಒದ್ದೆಯಾಗಿತ್ತು, ದನಿ ಮಾತ್ರ ಎಂದಿನಂತೆ ಜೋರು.

"ಹಂಗಾದ್ರೆ ಈಗ್ಲೇ ಇವಳ ಹೆಸರು ಬರ್ಕಂಬುಡವ್ವ. ಅವತ್ತೂ ನಾನೇ ಕರ್ಕಂಡ್ ಬತ್ತೀನಿ."